ಯಾವ ಕಾರ್ಡು ಒಳ್ಳೆಯದು ಎಂದು ಕೇಳುವ ಮೊದಲು

ಇತ್ತೀಚೆಗೊಂದು ಶುಕ್ರವಾರ ಬೈಲಹೊಂಗಲದಲ್ಲಿ ಜುಮಾ ನಮಾಝ್ ಮುಗಿಸಿ ಮಸೀದಿಯ ಮೆಟ್ಟಿಲಿಳಿಯುತ್ತಿದ್ದಾಗ ಯುವಕನೊಬ್ಬ ನಮ್ಮನ್ನು ತಡೆದು ನಿಲ್ಲಿಸಿದ. ಖಾಸಗಿ ಪ್ರೌಢಶಾಲೆಯೊಂದರಲ್ಲಿ ಶಿಕ್ಷಕನಾಗಿರುವ ಆತನ ಮೊಬೈಲಿನ ಪರದೆಯ ಮೇಲೆ ಮೂರು ಕ್ರೆಡಿಟ್ ಕಾರ್ಡುಗಳ ಚಿತ್ರವಿತ್ತು. ಒಂದು ಕಾರ್ಡು ಪೆಟ್ರೋಲಿನ ಮೇಲೆ ರಿಯಾಯಿತಿ ಕೊಡುತ್ತದೆ. ಇನ್ನೊಂದು ಆನ್‌ಲೈನ್ ಖರೀದಿಯ ಮೇಲೆ ನೂರಕ್ಕೆ ಐದು ರೂಪಾಯಿ ಹಿಂದಿರುಗಿಸುತ್ತದೆ. ಮೂರನೆಯದು ವಿಮಾನ ನಿಲ್ದಾಣದ ವಿಶ್ರಾಂತಿ ಕೊಠಡಿಯಲ್ಲಿ ಪುಕ್ಕಟೆ ಊಟ ಹಾಕುತ್ತದೆ. "ಹಜ್ರತ್, ಈ ಮೂರರಾಗ ನಮ್ಮ ಖರ್ಚಿಗೆ ಯಾವುದು ಚಲೋ ಹೊಂದತೈತಿ, ನೀವ ಹೇಳ್ರಿ" ಎಂದು ಆತ ಕೇಳಿದ.

ನಾವು ಮದ್ರಸಾದಲ್ಲಿ ಕಲಿತವರೆಂದು ಆತನಿಗೆ ಗೊತ್ತು. ಆದರೂ ಆತ ಕೇಳಿದ್ದು ಹಲಾಲೋ ಹರಾಮೋ ಎಂದಲ್ಲ, ಮೂರರಲ್ಲಿ ಯಾವುದು ಲಾಭ ಎಂದು. ಸ್ವಲ್ಪ ಮಾತನಾಡಿಸಿದಾಗ ನಿಜವಾದ ಕಾರಣ ಹೊರಬಂತು. ತಂಗಿಯ ಮದುವೆ ನಿಶ್ಚಯವಾಗಿದೆ. ಕೈಯಲ್ಲಿದ್ದುದೆಲ್ಲ ಸೇರಿಸಿದರೂ 60 ಸಾವಿರ ರೂಪಾಯಿ ಕಡಿಮೆ ಬೀಳುತ್ತದೆ. ವಿಮಾನವನ್ನೇ ಹತ್ತದ ಆ ಶಿಕ್ಷಕನಿಗೆ ಬೇಕಾಗಿದ್ದುದು ವಿಶ್ರಾಂತಿ ಕೊಠಡಿಯಲ್ಲ, ಸಾಲ. ಸಾಲ ಎಂಬ ಪದವನ್ನು ಉಚ್ಚರಿಸದೆ ಸಾಲ ಪಡೆಯುವ ದಾರಿಯೊಂದು ಆತನ ಮೊಬೈಲಿನಲ್ಲಿ ಹೊಳೆಯುತ್ತಿತ್ತು.

ಈತನೊಬ್ಬನ ಕತೆಯೆಂದು ಇದನ್ನು ಬದಿಗಿಡುವಂತಿಲ್ಲ. ದೇಶದಲ್ಲಿ ಚಾಲ್ತಿಯಲ್ಲಿರುವ ಕ್ರೆಡಿಟ್ ಕಾರ್ಡುಗಳ ಸಂಖ್ಯೆ 2024ರ ಆರಂಭದಲ್ಲಿಯೇ 10 ಕೋಟಿಯನ್ನು ದಾಟಿತು. ಕಾರ್ಡು ಮಹಾನಗರದ ವಸ್ತುವಾಗಿದ್ದ ಕಾಲದಲ್ಲಿ ಅದನ್ನು ಉಜ್ಜುವ ಯಂತ್ರ ರಾಮದುರ್ಗದ ಕಿರಾಣಿ ಅಂಗಡಿಯಲ್ಲಾಗಲಿ ಸವದತ್ತಿಯ ಬಟ್ಟೆ ಅಂಗಡಿಯಲ್ಲಾಗಲಿ ಸುಲಭವಾಗಿ ಸಿಗುತ್ತಿರಲಿಲ್ಲ. ಆ ಅನನುಕೂಲವೇ ನಮ್ಮ ಜನರಿಗೆ ಒಂದು ಬೇಲಿಯಾಗಿತ್ತು. 2022ರ ಸೆಪ್ಟೆಂಬರ್‌ನಲ್ಲಿ ರುಪೇ ಕ್ರೆಡಿಟ್ ಕಾರ್ಡನ್ನು ಯುಪಿಐಗೆ ಜೋಡಿಸುವ ವ್ಯವಸ್ಥೆ ಬಂದ ಮೇಲೆ ಆ ಬೇಲಿಯೂ ಬಿದ್ದುಹೋಯಿತು. ಗೋಡೆಗೆ ಅಂಟಿಸಿದ ಕ್ಯೂಆರ್ ಚೀಟಿಯೊಂದಿದ್ದರೆ ಸಾಕು, ಚಹಾದ ಅಂಗಡಿಯಲ್ಲಿಯೂ ಬ್ಯಾಂಕಿನ ಸಾಲದಲ್ಲಿ ಚಹಾ ಕುಡಿಯಬಹುದು.

ಖರ್ಚಿನ ರೂಢಿಗೆ ತಕ್ಕ ಕಾರ್ಡನ್ನು ಆರಿಸಿಕೊಳ್ಳಿರಿ ಎಂಬ ಉಪದೇಶ ಇಂದು ಎಲ್ಲೆಡೆ ಕೇಳಿಬರುತ್ತಿದೆ. ಹೆಚ್ಚು ಪ್ರಯಾಣ ಮಾಡುವವನಿಗೆ ಇಂಧನದ ಕಾರ್ಡು, ಮನೆಯ ಸಾಮಾನಿಗೆ ಹೆಚ್ಚು ವೆಚ್ಚ ಮಾಡುವವನಿಗೆ ಹಣ ಮರಳಿಸುವ ಕಾರ್ಡು, ಅಪರೂಪಕ್ಕೆ ಬಳಸುವವನಿಗೆ ವಾರ್ಷಿಕ ಶುಲ್ಕವಿಲ್ಲದ ಕಾರ್ಡು. ಈ ಉಪದೇಶ ಸುಳ್ಳಲ್ಲ. ಆದರೆ ಅದು ಹೇಳದೆ ಬಿಟ್ಟ ಒಂದು ಮಾತಿದೆ. ಕಾರ್ಡು ಹೊಂದಬೇಕಾದದ್ದು ನಮ್ಮ ಖರ್ಚಿಗಲ್ಲ, ನಮ್ಮ ಆದಾಯಕ್ಕೆ. ಖರ್ಚು ಯಾವ ದಿನವೂ ಬರಬಹುದು. ಹಣ ಯಾವ ದಿನ ಬರುತ್ತದೆ ಎಂಬುದೇ ಮುಖ್ಯವಾದ ಪ್ರಶ್ನೆ.

ಕಾರ್ಡು ನಡೆಯುವ ಬಗೆಯನ್ನು ನೋಡಿರಿ. ತಿಂಗಳಿಗೊಮ್ಮೆ ಬಿಲ್ಲು ತಯಾರಾಗುತ್ತದೆ. ಅದನ್ನು ಕಟ್ಟಲು ಸುಮಾರು ಇಪ್ಪತ್ತು ದಿನಗಳ ಗಡುವು ಇರುತ್ತದೆ. ಬಿಲ್ಲಿನ ಮರುದಿನ ಖರೀದಿಸಿದವನಿಗೆ ಹೆಚ್ಚೆಂದರೆ ಐವತ್ತು ದಿನಗಳ ಅವಕಾಶ, ಬಿಲ್ಲಿನ ಹಿಂದಿನ ದಿನ ಖರೀದಿಸಿದವನಿಗೆ ಇಪ್ಪತ್ತೇ ದಿನ. ಗಡುವಿನೊಳಗೆ ಪೂರ್ತಿ ಮೊತ್ತ ಕಟ್ಟಿದರೆ ಬಡ್ಡಿಯಿಲ್ಲ. ಪೂರ್ತಿ ಕಟ್ಟದಿದ್ದರೆ ಆ ಬಡ್ಡಿರಹಿತ ಅವಧಿಯೇ ಇಲ್ಲವಾಗುತ್ತದೆ. ಖರೀದಿಸಿದ ದಿನದಿಂದಲೇ ಬಡ್ಡಿಯನ್ನು ಎಣಿಸುತ್ತಾರೆ, ಮುಂದಿನ ಖರೀದಿಗೂ ಆ ಸೌಲಭ್ಯ ಸಿಗದು. ಅಂದರೆ ಪ್ರತಿ ತಿಂಗಳ ಒಂದನೆಯ ತಾರೀಖಿಗೆ ಸಂಬಳ ಖಾತೆಗೆ ಬಂದು ಬೀಳುವ ಮನುಷ್ಯನನ್ನು ಕಣ್ಣ ಮುಂದಿಟ್ಟುಕೊಂಡು ಈ ಯಂತ್ರವನ್ನು ರಚಿಸಲಾಗಿದೆ.

ನಮ್ಮ ನಾಲ್ಕು ತಾಲೂಕುಗಳ ಪಂಚಾಂಗ ಅದಲ್ಲ. ಬೈಲಹೊಂಗಲದ ಎರೆಭೂಮಿಯ ರೈತನಿಗೆ ಹೆಸರು, ಸೋಯಾ, ಹತ್ತಿ, ಕಡಲೆ ಮಾರಿದಾಗ ಹಣ ಬರುತ್ತದೆ. ವರ್ಷಕ್ಕೆ ಎರಡು ಬಾರಿ, ಮಳೆ ಕೈಕೊಟ್ಟರೆ ಒಂದೇ ಬಾರಿ. ಕಿತ್ತೂರು ಕಡೆಯ ಕಬ್ಬಿನ ರೈತ ಕಾರ್ಖಾನೆಯ ಬಿಲ್ಲಿಗಾಗಿ ಕಾಯುತ್ತಾನೆ. ಅದೇ ಕಿತ್ತೂರಿನ ಹೆದ್ದಾರಿಯ ಲಾರಿ ಚಾಲಕನಿಗೆ ಬಾಡಿಗೆ ಸಿಕ್ಕ ದಿನವೇ ದುಡಿಮೆ. ಸವದತ್ತಿಯ ಯಲ್ಲಮ್ಮನ ಗುಡ್ಡದಲ್ಲಿ ಬಳೆ, ಮಿಠಾಯಿ, ಆಟಿಕೆ ಮಾರುವ ವ್ಯಾಪಾರಿಗೆ ಹೊಸ್ತಿಲ ಹುಣ್ಣಿಮೆಯಿಂದ ಭಾರತ ಹುಣ್ಣಿಮೆಯವರೆಗಿನ ಜಾತ್ರೆಯ ದಿನಗಳೇ ಸುಗ್ಗಿ. ಉಳಿದ ತಿಂಗಳು ಅದೇ ಗಳಿಕೆಯಲ್ಲಿ ದಿನ ನೂಕಬೇಕು. ರಾಮದುರ್ಗದ ನೇಕಾರನಿಗೆ ಮಗ್ಗದಿಂದ ಸೀರೆ ಇಳಿದರೆ ಮಜೂರಿ. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ಊರೊಳಗೆ ನುಗ್ಗಿದಾಗ ಮಗ್ಗಗಳೇ ನೀರಿನಲ್ಲಿ ನಿಂತವು. ಇಂಥವರ ಕೈಗೆ ಮೂವತ್ತು ದಿನಗಳ ಗಡಿಯಾರವನ್ನು ಕಟ್ಟುವುದು ಎಷ್ಟು ಸರಿ?

ಹಾಗೆಂದು ಸಾಲವೇ ನಮ್ಮ ಜನರಿಗೆ ಹೊಸದಲ್ಲ. ನಮ್ಮ ಭಾಗದ ಅಂಗಡಿಗಳಲ್ಲಿ ಉದ್ರಿಯ ಪುಸ್ತಕ ಇದ್ದೇ ಇತ್ತು. "ಇಂದು ನಗದು, ನಾಳೆ ಉದ್ರಿ" ಎಂದು ಬರೆದ ಫಲಕದ ಕೆಳಗೆ ಕುಳಿತೇ ಅಂಗಡಿಕಾರ ಉದ್ರಿ ಬರೆದುಕೊಳ್ಳುತ್ತಿದ್ದ. "ಸುಗ್ಗಿಗೆ ಕೊಡತೇನ್ರಿ" ಎಂದರೆ ಅದೊಂದು ಒಪ್ಪಂದ. ಉದ್ರಿಯಲ್ಲಿ ದೋಷಗಳಿರಲಿಲ್ಲವೆಂದು ನಾವು ಹೇಳುವುದಿಲ್ಲ. ತೂಕದಲ್ಲಿ, ಬೆಲೆಯಲ್ಲಿ ಬಡವನನ್ನು ಹಿಂಡಿದ ಅಂಗಡಿಕಾರರೂ ಇದ್ದರು, ಅವರಲ್ಲಿ ನಮ್ಮವರೂ ಇದ್ದರು. ಆದರೆ ಉದ್ರಿ ಕೊಟ್ಟವನಿಗೆ ಕೊಂಡವನ ಮುಖ ಗೊತ್ತಿತ್ತು. ಮಳೆ ಬರಲಿಲ್ಲವೆಂಬುದು ಇಬ್ಬರಿಗೂ ತಿಳಿದಿರುತ್ತಿತ್ತು. ಕಾರ್ಡಿನ ಲೆಕ್ಕ ಬರೆಯುವ ಗಣಕಯಂತ್ರಕ್ಕೆ ಮಲಪ್ರಭೆಯ ಪ್ರವಾಹ ತಿಳಿಯುವುದಿಲ್ಲ, ಮನೆಯಲ್ಲಿ ಮಯ್ಯತ್ ಆಗಿದೆಯೆಂಬುದೂ ತಿಳಿಯುವುದಿಲ್ಲ.

ಇನ್ನು ಲೆಕ್ಕಕ್ಕೆ ಬರೋಣ. ಬಾಕಿಯ ಮೇಲೆ ಅನೇಕ ಕಾರ್ಡುಗಳು ವಿಧಿಸುವ ಬಡ್ಡಿ ತಿಂಗಳಿಗೆ ಶೇ. 3ರಿಂದ 3.75ರವರೆಗೆ, ಎಂದರೆ ವರ್ಷಕ್ಕೆ ಶೇ. 36ರಿಂದ 45. ಆ ಬಡ್ಡಿಯ ಮೇಲೆ ಶೇ. 18 ಜಿಎಸ್‌ಟಿ ಬೇರೆ. ನಮ್ಮ ಶಿಕ್ಷಕ ಬಂಧು 60 ಸಾವಿರ ರೂಪಾಯಿಯನ್ನು ಶೇ. 3.5ರ ಕಾರ್ಡಿನಲ್ಲಿ ಖರ್ಚು ಮಾಡಿ ಬಾಕಿ ಉಳಿಸಿಕೊಂಡನೆನ್ನಿ. ಮೊದಲ ತಿಂಗಳ ಬಡ್ಡಿ 2,100 ರೂಪಾಯಿ, ತೆರಿಗೆ 378 ರೂಪಾಯಿ, ಒಟ್ಟು 2,478 ರೂಪಾಯಿ. ತಿಂಗಳಿಗೆ 3,000 ರೂಪಾಯಿ ಕಟ್ಟುತ್ತಾ ಹೋದರೆ ಮೊದಲ ತಿಂಗಳು ಅಸಲಿನಲ್ಲಿ ಕರಗುವುದು ಕೇವಲ 522 ರೂಪಾಯಿ. ಆ ಕಾರ್ಡಿನಲ್ಲಿ ಮತ್ತೇನನ್ನೂ ಖರೀದಿಸದೆ, ಒಂದು ಕಂತನ್ನೂ ತಪ್ಪಿಸದೆ ಕಟ್ಟಿದರೂ ಸಾಲ ತೀರಲು 43 ತಿಂಗಳಿಗೂ ಹೆಚ್ಚು ಬೇಕು. ಕಟ್ಟಿದ ಒಟ್ಟು ಹಣ ಸುಮಾರು 1 ಲಕ್ಷ 30 ಸಾವಿರ. ತಂಗಿಗೆ ಹುಟ್ಟಿದ ಮಗು ಅಂಗನವಾಡಿಗೆ ಹೋಗುವ ಹೊತ್ತಿಗೂ ಅಣ್ಣ ಮದುವೆಯ ಊಟದ ಬಡ್ಡಿ ಕಟ್ಟುತ್ತಿರುತ್ತಾನೆ.

ಇದಕ್ಕೆ ಪ್ರತಿಯಾಗಿ ಸಿಗುವ ಬಹುಮಾನವೆಷ್ಟು? ನೂರಕ್ಕೆ ಒಂದು ರೂಪಾಯಿ ಮರಳಿದರೆ 60 ಸಾವಿರಕ್ಕೆ 600 ರೂಪಾಯಿ. ಒಂದೇ ತಿಂಗಳ ಬಡ್ಡಿ ಅದರ ನಾಲ್ಕು ಪಟ್ಟಿಗೂ ಹೆಚ್ಚು. ಕಾರ್ಡಿನಿಂದ ನಗದು ತೆಗೆದರಂತೂ ಐವತ್ತು ದಿನಗಳ ಮಾತೇ ಇಲ್ಲ, ಅಂದಿನಿಂದಲೇ ಬಡ್ಡಿ, ಮೇಲೆ ಶುಲ್ಕ. "ಕನಿಷ್ಠ ಪಾವತಿ" ಎಂಬ ಹಿತವಾದ ಹೆಸರಿನ ಸಾಲಿನಲ್ಲಿ ಅಡಗಿರುವ ಗುಟ್ಟು ಇದು. ಕನಿಷ್ಠ ಮೊತ್ತವನ್ನಷ್ಟೇ ಕಟ್ಟುತ್ತಿದ್ದರೆ ಸಾಲ ತಿಂಗಳು, ವರ್ಷಗಳವರೆಗೆ ಎಳೆಯುತ್ತದೆಂಬ ಎಚ್ಚರಿಕೆಯನ್ನು ಬಿಲ್ಲಿನಲ್ಲಿ ಮುದ್ರಿಸಬೇಕೆಂದು ರಿಸರ್ವ್ ಬ್ಯಾಂಕು 2022ರ ಏಪ್ರಿಲ್‌ನಲ್ಲಿ ಆದೇಶಿಸಿತು. ಬೀಡಿಯ ಕಟ್ಟಿನ ಮೇಲೆ ಎಚ್ಚರಿಕೆ ಮುದ್ರಿಸಿದಂತೆ.

ಹಳ್ಳಿಯ ಸಾಹುಕಾರ ನೂರಕ್ಕೆ ಮೂರರ ಬಡ್ಡಿ ಕೇಳಿದರೆ ನಾವು ಅವನನ್ನು ರಕ್ತ ಹೀರುವವನೆಂದು ಕರೆಯುತ್ತೇವೆ. ಅದೇ ಮೂರರ ಬಡ್ಡಿಯನ್ನು ಹೊಳೆಯುವ ಕಾರ್ಡಿನ ಮೇಲೆ ಕೇಳಿದರೆ ಅದು ಪ್ರತಿಷ್ಠೆಯಾಗುತ್ತದೆ. ಕಾನೂನಿನಲ್ಲಿಯೂ ಈ ವಿಚಿತ್ರವಿದೆ. ಕರ್ನಾಟಕದಲ್ಲಿ ಪರವಾನಗಿ ಪಡೆದ ಲೇವಾದೇವಿಗಾರ ಅಡವಿಟ್ಟ ಸಾಲಕ್ಕೆ ವರ್ಷಕ್ಕೆ ಶೇ. 14, ಅಡವಿಲ್ಲದ ಸಾಲಕ್ಕೆ ಶೇ. 16ಕ್ಕಿಂತ ಹೆಚ್ಚು ಬಡ್ಡಿ ಪಡೆಯುವಂತಿಲ್ಲ. ಬ್ಯಾಂಕಿನ ಕಾರ್ಡಿಗೆ ಅಂಥ ಮಿತಿಯಿಲ್ಲ. ಬಾಕಿಯ ಮೇಲೆ ಶೇ. 30ಕ್ಕಿಂತ ಹೆಚ್ಚು ಬಡ್ಡಿ ಹಾಕುವುದು ಅನುಚಿತ ವ್ಯಾಪಾರ ಪದ್ಧತಿ ಎಂದು ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ತೀರ್ಪಿತ್ತಿತ್ತು. ಆ ತೀರ್ಪನ್ನು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್ 20ರಂದು ರದ್ದುಪಡಿಸಿತು. ಕಾನೂನಿನ ಅರ್ಥವಿವರಣೆಯನ್ನು ನ್ಯಾಯಾಲಯಕ್ಕೇ ಬಿಡೋಣ. ಆದರೆ ಪರಿಣಾಮವೇನೆಂಬುದನ್ನು ನಾವು ತಿಳಿದಿರಬೇಕು. ಸಣ್ಣ ಸಾಹುಕಾರನಿಗೆ ಮೂಗುದಾರವಿದೆ, ದೊಡ್ಡ ಸಾಹುಕಾರನಿಗೆ ಇಲ್ಲ.

ಇನ್ನೊಂದು ಹೋಲಿಕೆಯನ್ನೂ ಗಮನಿಸಿರಿ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಾರ್ಖಾನೆಯು ಕಬ್ಬು ಪಡೆದ 14 ದಿನಗಳೊಳಗೆ ರೈತನಿಗೆ ಹಣ ಕೊಡಬೇಕು, ತಡವಾದರೆ ವರ್ಷಕ್ಕೆ ಶೇ. 15ರ ಬಡ್ಡಿ ಸೇರಿಸಬೇಕು. ಆ ಬಡ್ಡಿ ರೈತನ ಕೈಸೇರುವುದು ಎಷ್ಟು ಅಪರೂಪವೆಂಬುದು ಕಬ್ಬು ಬೆಳೆದವರಿಗೆಲ್ಲ ಗೊತ್ತು. ಕಾರ್ಖಾನೆಯ ಹಣ ಬಾರದೆಂದು ಅದೇ ರೈತ ಕಾರ್ಡಿನ ಬಿಲ್ಲನ್ನು ಮುಂದೂಡಿದರೆ ಶೇ. 42 ತೆರಬೇಕು. ಇವನಿಗೆ ಬರಬೇಕಾದುದು ಕಾಯುತ್ತದೆ, ಇವನು ಕೊಡಬೇಕಾದುದು ಕಾಯುವುದಿಲ್ಲ.

ಇಸ್ಲಾಮ್ ಬಡ್ಡಿಯನ್ನು ನಿಷೇಧಿಸಿದ್ದು ಇಂತಹ ಅಸಮಾನತೆಯನ್ನು ಕಂಡೇ. ಪವಿತ್ರ ಕುರ್‌ಆನಿನ ಎರಡನೆಯ ಅಧ್ಯಾಯ ಅಲ್‌ಬಕರಃದಲ್ಲಿ ಬಡ್ಡಿಯ ವಿರುದ್ಧ ಕಠೋರವಾದ ಎಚ್ಚರಿಕೆಯಿದೆ. ಸಾಲಗಾರ ಸಂಕಷ್ಟದಲ್ಲಿದ್ದರೆ ಅನುಕೂಲವಾಗುವವರೆಗೆ ಕಾಲಾವಕಾಶ ಕೊಡಬೇಕೆಂದೂ, ಬಿಟ್ಟುಕೊಟ್ಟರೆ ಇನ್ನೂ ಉತ್ತಮವೆಂದೂ ಆದೇಶವಿದೆ. ಅದರ ಬೆನ್ನಿಗೇ ಬರುವ 282ನೆಯ ಸೂಕ್ತವು ಇಡೀ ಕುರ್‌ಆನಿನಲ್ಲಿಯೇ ಅತ್ಯಂತ ದೀರ್ಘವಾದ ಸೂಕ್ತ. ಅದರ ವಿಷಯ ನಮಾಝ್ ಅಲ್ಲ, ಉಪವಾಸವಲ್ಲ, ಸಾಲಪತ್ರ. ಸಾಲವನ್ನು ಬರೆದಿಡಬೇಕು, ಬರೆಯುವವನು ನ್ಯಾಯವಾಗಿ ಬರೆಯಬೇಕು, ಸಾಕ್ಷಿಗಳಿರಬೇಕು ಎಂದು ಅದು ವಿಧಿಸುತ್ತದೆ. ಮದ್ರಸಾದಲ್ಲಿ ಅದನ್ನು ಓದುವಾಗ ನಾವು ಗಮನಿಸದೆ ದಾಟಿಹೋದ ಅಂಶವೊಂದಿದೆ. ಪತ್ರದ ಒಕ್ಕಣೆಯನ್ನು ಹೇಳಿ ಬರೆಸಬೇಕಾದವನು ಸಾಲ ಕೊಡುವವನಲ್ಲ, ಸಾಲ ಹೊರುವವನು. ಅವನು ಅಶಕ್ತನಾಗಿದ್ದರೆ ಅವನ ಪರವಾಗಿ ಅವನ ಹಿತರಕ್ಷಕ.

ಕಾರ್ಡಿನ ಕರಾರನ್ನು ಇದರ ಪಕ್ಕದಲ್ಲಿಟ್ಟು ನೋಡಿರಿ. ಒಕ್ಕಣೆ ಸಾಲ ಕೊಡುವವನದು. ಭಾಷೆ ಇಂಗ್ಲಿಷು. ಅಕ್ಷರ ಇರುವೆಯ ಗಾತ್ರದ್ದು. ಸಾಲ ಹೊರುವವನು ಮಾಡಬೇಕಾದುದು ಮೊಬೈಲಿನ ಪರದೆಯ ಮೇಲೆ ಒಂದು ಚೌಕವನ್ನು ಒತ್ತುವುದಷ್ಟೆ. ಸೂಕ್ತದ ಆದೇಶ ಇಲ್ಲಿ ತಲೆಕೆಳಗಾಗಿದೆ.

ಪೂರ್ತಿ ಮೊತ್ತವನ್ನು ಗಡುವಿನೊಳಗೆ ಕಟ್ಟಿ ಬಡ್ಡಿಯನ್ನು ತಪ್ಪಿಸಿದರೆ ಆಯಿತಲ್ಲವೇ ಎಂಬ ಪ್ರಶ್ನೆ ಸಹಜವಾದುದು. ವಿದ್ವಾಂಸರು ಇದನ್ನು ಚರ್ಚಿಸದೆ ಬಿಟ್ಟಿಲ್ಲ. ಇಸ್ಲಾಮಿ ರಾಷ್ಟ್ರಗಳ ಸಂಘಟನೆಯ ಫಿಕ್ಹ್ ಅಕಾಡೆಮಿ 2000ನೆಯ ಇಸವಿಯಲ್ಲಿ ರಿಯಾದ್‌ನಲ್ಲಿ ಸೇರಿದಾಗ, ಖಾತೆಯಲ್ಲಿ ಹಣವಿಲ್ಲದೆ ಸಾಲದ ಮೇಲೆ ನಡೆಯುವ ಕಾರ್ಡಿನ ಕರಾರಿನಲ್ಲಿ ಬಡ್ಡಿಯ ಷರತ್ತಿದ್ದರೆ, ಗಡುವಿನೊಳಗೆ ಕಟ್ಟುವ ಉದ್ದೇಶವಿದ್ದರೂ ಅದು ಸಮ್ಮತವಲ್ಲವೆಂದು ನಿರ್ಣಯಿಸಿತು. ಅಂಥ ಕಾರ್ಡಿನಿಂದ ಚಿನ್ನ, ಬೆಳ್ಳಿ ಕೊಳ್ಳುವುದನ್ನೂ ನಿಷೇಧಿಸಿತು. ಭಾರತದ ಇಸ್ಲಾಮಿಕ್ ಫಿಕ್ಹ್ ಅಕಾಡೆಮಿಯು 2006ರಲ್ಲಿ ನಮ್ಮದೇ ಮೈಸೂರಿನಲ್ಲಿ ನಡೆಸಿದ ವಿಚಾರ ಸಂಕಿರಣದಲ್ಲಿ ಎಟಿಎಂ ಮತ್ತು ಡೆಬಿಟ್ ಕಾರ್ಡುಗಳ ಬಳಕೆಯನ್ನು ಸಮ್ಮತಿಸಿ, ಬಡ್ಡಿಯಾಧಾರಿತ ಕ್ರೆಡಿಟ್ ಕಾರ್ಡನ್ನು ಒಪ್ಪಲಿಲ್ಲ. ಅನಿವಾರ್ಯತೆಯಿದ್ದು, ಬಡ್ಡಿ ಬೀಳದಂತೆ ನೋಡಿಕೊಳ್ಳುವವನಿಗೆ ರಿಯಾಯಿತಿ ಇದೆಯೆನ್ನುವ ವಿದ್ವಾಂಸರೂ ಇದ್ದಾರೆ. ಆ ಭಿನ್ನಾಭಿಪ್ರಾಯವನ್ನು ನಾವು ಗೌರವಿಸುತ್ತೇವೆ. ಆದರೆ ಆ ರಿಯಾಯಿತಿಯೂ ಹಣವಿದ್ದವನಿಗೇ ಹೊರತು, ಹಣವಿಲ್ಲದೆ ಸಾಲಕ್ಕಾಗಿ ಕಾರ್ಡು ಹಿಡಿಯುವವನಿಗಲ್ಲ ಎಂಬುದನ್ನು ಮರೆಯಬಾರದು.

ಇಲ್ಲಿ ಆಳುವವರಿಗೂ ಒಂದು ಮಾತು ಹೇಳಬೇಕಾಗಿದೆ. ಮುಸ್ಲಿಮರು ಹೆಚ್ಚಾಗಿರುವ ಅನೇಕ ಪ್ರದೇಶಗಳನ್ನು ಕೆಲವು ಬ್ಯಾಂಕುಗಳು ಸಾಲಕ್ಕೆ ಯೋಗ್ಯವಲ್ಲದ ವಲಯಗಳೆಂದು ಗುರುತಿಸಿವೆ ಎಂದು 2006ರ ಸಾಚಾರ್ ವರದಿ ದಾಖಲಿಸಿತು. ದುಡಿಮೆಗೆ ಸಾಲ ಕೇಳಿದಾಗ ಮುಚ್ಚಿದ್ದ ಬಾಗಿಲು, ಶೇ. 42ರ ಖರ್ಚಿನ ಸಾಲಕ್ಕೆ ತಾನಾಗಿ ತೆರೆದುಕೊಳ್ಳುವುದಾದರೆ ಅದನ್ನು ಉಪಕಾರವೆನ್ನಬೇಕೆ? ಬಡ್ಡಿರಹಿತ ಬ್ಯಾಂಕಿಂಗಿಗೆ ಅವಕಾಶ ಕೊಡಬೇಕೆಂದು ರಘುರಾಮ್ ರಾಜನ್ ಸಮಿತಿ 2008ರಲ್ಲಿ ಹೇಳಿತು. ರಿಸರ್ವ್ ಬ್ಯಾಂಕಿನದೇ ಸಮಿತಿ 2015ರಲ್ಲಿ ಸಾಮಾನ್ಯ ಬ್ಯಾಂಕುಗಳಲ್ಲಿ ಬಡ್ಡಿರಹಿತ ಕಿಟಕಿಯೊಂದನ್ನು ತೆರೆಯಲು ಶಿಫಾರಸು ಮಾಡಿತು. ಆ ಪ್ರಸ್ತಾಪವನ್ನು ಮುಂದುವರಿಸುವುದಿಲ್ಲವೆಂದು ರಿಸರ್ವ್ ಬ್ಯಾಂಕು ತೀರ್ಮಾನಿಸಿದ ಸಂಗತಿ 2017ರ ನವೆಂಬರ್‌ನಲ್ಲಿ ಹೊರಬಂತು. ಕಿರುಸಾಲ ವಸೂಲಿಗಾರರ ಕಿರುಕುಳದ ವಿರುದ್ಧ ರಾಜ್ಯ ಸರಕಾರ 2025ರ ಫೆಬ್ರವರಿಯಲ್ಲಿ ತಂದ ಸುಗ್ರೀವಾಜ್ಞೆಯನ್ನು ನಾವು ಸ್ವಾಗತಿಸಿದ್ದೇವೆ. ಆದರೆ ಮನೆ ಬಾಗಿಲಿಗೆ ಬಂದು ಕೂಗಾಡುವವನನ್ನು ತಡೆದರೆ ಸಾಲದು. ಸದ್ದಿಲ್ಲದೆ ಏರುವ ಬಡ್ಡಿಗೂ ಕಡಿವಾಣ ಬೇಕು.

ಸರಕಾರವನ್ನು ದೂರಿ ನಾವು ಕೈತೊಳೆದುಕೊಳ್ಳಬಹುದೇ? ಆ ಶಿಕ್ಷಕನೊಡನೆ ಕುಳಿತು ನಾವು 60 ಸಾವಿರದ ಪಟ್ಟಿಯನ್ನು ಓದಿದೆವು. ಅರ್ಧಕ್ಕಿಂತ ಹೆಚ್ಚು ಹಣ ಹೋಗುವುದು ಎರಡನೆಯ ದಿನದ ದಾವತ್ತಿಗೆ ಮತ್ತು ಗಂಡಿನ ಕಡೆಯವರು ಬಾಯಿಬಿಟ್ಟು ಕೇಳದಿದ್ದರೂ ನಿರೀಕ್ಷಿಸುವ ಕಪಾಟು, ಮಂಚಗಳಿಗೆ. ಶರೀಅತ್ ಹೆಣ್ಣಿನ ತಂದೆಯ ಮೇಲಾಗಲಿ ಅಣ್ಣನ ಮೇಲಾಗಲಿ ಹೊರಿಸದ ಹೊರೆ ಇದು. ಮಹ್ರ್ ಕೊಡಬೇಕಾದವನು ವರ, ವಲೀಮಾ ಮಾಡಬೇಕಾದವನೂ ವರ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಹಿರಿಯರು ಹೇಳಿದರು. ನಮ್ಮ ಮದುವೆಗಳಲ್ಲಿ ಹಾಸಿಗೆ ಒಬ್ಬನದು, ಕಾಲು ಚಾಚುವವರು ಇನ್ನೊಬ್ಬರು.

ಇನ್ನು ನಮ್ಮ ಮಿಂಬರುಗಳ ವಿಷಯ. ಸಾಲದ ಕುರಿತು ಖುತ್ಬಾ ನೀಡುವಾಗ ನಾವು ಒಂದು ಘಟನೆಯನ್ನು ತಪ್ಪದೆ ಹೇಳುತ್ತೇವೆ. ಸಾಲ ತೀರಿಸದೆ ಮೃತಪಟ್ಟವನ ಜನಾಝಾ ಬಂದಾಗ ಪ್ರವಾದಿ(ಸ) ತಾವು ನಮಾಝಿಗೆ ನಿಲ್ಲದೆ ಸಂಗಡಿಗರಿಗೆ ಬಿಟ್ಟರು. ಅಬೂ ಕತಾದಃ(ರ) ಆ ಸಾಲವನ್ನು ತಮ್ಮ ಮೇಲೆ ಹೊತ್ತುಕೊಂಡ ಮೇಲೆಯೇ ನಮಾಝ್ ನಿರ್ವಹಿಸಿದರು. ಕೇಳುಗರು ನಡುಗುತ್ತಾರೆ. ಆದರೆ ಈ ವಿಷಯದ ಉತ್ತರಾರ್ಧವನ್ನು ನಾವು ಹೇಳುವುದು ಕಡಿಮೆ. ಮುಂದೆ ಸಾರ್ವಜನಿಕ ನಿಧಿಗೆ ಹಣ ಬರತೊಡಗಿದಾಗ, ತೀರಿಸಲು ಏನನ್ನೂ ಬಿಡದೆ ಮೃತಪಟ್ಟ ವಿಶ್ವಾಸಿಯ ಸಾಲದ ಹೊಣೆ ತಮ್ಮದೆಂದು ಪ್ರವಾದಿ(ಸ) ಸಾರಿದರು. ಮೊದಲರ್ಧ ಸಾಲಗಾರನಿಗೆ ಎಚ್ಚರಿಕೆ, ಉತ್ತರಾರ್ಧ ಸಮುದಾಯಕ್ಕೆ ಹೊಣೆ. ಝಕಾತಿನ ಎಂಟು ಹಕ್ಕುದಾರರಲ್ಲಿ ಸಾಲದಲ್ಲಿ ಸಿಲುಕಿದವರೂ ಒಬ್ಬರು. ಕುರ್‌ಆನ್ ಅವರನ್ನು ಹೆಸರಿಸಿಯೇ ಹೇಳಿದೆ. ರಮಝಾನಿನಲ್ಲಿ ನಾವು ತೆಗೆಯುವ ಝಕಾತಿನಲ್ಲಿ ಎಷ್ಟು ಪಾಲು ಅವರಿಗೆ ತಲುಪುತ್ತದೆ? ಕಾರ್ಡು ಹರಾಮ್ ಎಂದು ಹೇಳಿ, ಅಗತ್ಯಕ್ಕೆ ಬೇರೆ ದಾರಿ ತೋರದೆ ಮನೆಗೆ ಹೋಗುವುದು ಬಾವಿಗೆ ಬಿದ್ದವನಿಗೆ ಈಜು ಬಾರದಿದ್ದುದು ತಪ್ಪೆಂದು ಬೋಧಿಸಿದಂತೆ.

ಈಗ ಕಾರ್ಯರೂಪದ ಕೆಲವು ಮಾತುಗಳು. ಹೊಲವುಳ್ಳ ರೈತ ಬಾಂಧವರು ಖರ್ಚಿನ ಕಾರ್ಡಿನತ್ತ ಕಣ್ಣು ಹಾಯಿಸುವ ಮೊದಲು ತಮ್ಮ ಊರಿನ ಪ್ರಾಥಮಿಕ ಕೃಷಿ ಸಹಕಾರ ಸಂಘಕ್ಕೆ ಹೋಗಬೇಕು. ರಾಜ್ಯದಲ್ಲಿ ಅಲ್ಪಾವಧಿ ಬೆಳೆಸಾಲವನ್ನು ಶೂನ್ಯ ಬಡ್ಡಿಯಲ್ಲಿ ಕೊಡುವ ಮಿತಿಯನ್ನು 2023ರ ಬಜೆಟ್ಟಿನಲ್ಲಿ 3 ಲಕ್ಷದಿಂದ 5 ಲಕ್ಷ ರೂಪಾಯಿಗೆ ಏರಿಸಲಾಯಿತು. ಗಡುವಿನೊಳಗೆ ತೀರಿಸಿದರೆ ಅಸಲಷ್ಟೇ. ಅದರ ಅವಧಿ ಸುಗ್ಗಿಯನ್ನು ನೋಡಿ ಇಟ್ಟದ್ದು, ತಿಂಗಳನ್ನು ನೋಡಿ ಅಲ್ಲ. ಪಹಣಿಯಲ್ಲಿ ಹೆಸರಿಲ್ಲದ ಗೇಣಿದಾರನಿಗೆ ಇದು ಸಿಗದೆಂಬುದು ನಿಜವಾದ ಕೊರತೆ. ಅದನ್ನು ಸರಿಪಡಿಸುವಂತೆ ಶಾಸಕರನ್ನು ಕೇಳಬೇಕು.

ನೇಕಾರ, ಚಾಲಕ, ಜಾತ್ರೆಯ ವ್ಯಾಪಾರಿ, ದಿನಗೂಲಿ, ಹೀಗೆ ತಾರೀಖಿಗೆ ಸರಿಯಾಗಿ ಹಣ ಬಾರದ ಯಾರೇ ಆಗಲಿ ಕ್ರೆಡಿಟ್ ಕಾರ್ಡನ್ನು ಹಿಡಿಯಬಾರದು ಎಂಬುದು ನಮ್ಮ ಸ್ಪಷ್ಟ ಅಭಿಪ್ರಾಯ. ಅವರ ಖರ್ಚಿಗೆ ಹೊಂದುವ ಕಾರ್ಡು ಡೆಬಿಟ್ ಕಾರ್ಡು. ಅದು ತನ್ನಲ್ಲಿದ್ದ ಹಣವನ್ನೇ ಖರ್ಚು ಮಾಡಲು ಬಿಡುತ್ತದೆ. ತಿಂಗಳ ಸಂಬಳದವರು ಯಾವುದೋ ಅನಿವಾರ್ಯಕ್ಕೆ ಈಗಾಗಲೇ ಕಾರ್ಡು ಪಡೆದಿದ್ದರೆ ಒಂದಕ್ಕಿಂತ ಹೆಚ್ಚು ಇಟ್ಟುಕೊಳ್ಳಬಾರದು. ವಾರ್ಷಿಕ ಶುಲ್ಕವಿಲ್ಲದ್ದಿರಲಿ. ಅದರ ಮಿತಿಯನ್ನು ಅರ್ಧ ಸಂಬಳಕ್ಕೆ ಇಳಿಸಲು ಬರೆದುಕೊಡಬೇಕು. "ಒಟ್ಟು ಬಾಕಿ" ತಾನಾಗಿ ಖಾತೆಯಿಂದ ಕಡಿತವಾಗುವಂತೆ ಮಾಡಬೇಕು, "ಕನಿಷ್ಠ ಬಾಕಿ" ಅಲ್ಲ. ನಗದು ತೆಗೆಯುವ ಸೌಲಭ್ಯವನ್ನು ಮುಚ್ಚಿಸಬೇಕು. ಹೀಗೆ ಕಾರ್ಡಿನ ಹಲ್ಲುಗಳನ್ನೆಲ್ಲ ಕಿತ್ತ ಮೇಲೆ, ಅದನ್ನು ಇಟ್ಟುಕೊಳ್ಳುವ ಅಗತ್ಯವೇ ಇದೆಯೇ ಎಂದು ಅವರೇ ಯೋಚಿಸಲಿ.

ಸಾಲದಲ್ಲಿ ಸಿಲುಕಿದವರು ನಾಚಿಕೆಯಿಂದ ಮುಚ್ಚಿಡಬಾರದು. ಹೊಸ ಖರೀದಿಯನ್ನು ಕೂಡಲೇ ನಿಲ್ಲಿಸಬೇಕು. ಮನೆಯಲ್ಲಿ ಬಳಕೆಯಿಲ್ಲದ ಒಡವೆಯಿದ್ದರೆ ಮಾರಿ ತೀರಿಸುವುದು ಮಾನಹಾನಿಯಲ್ಲ. ಬಾಕಿ ತೀರಿಸಿ ಕಾರ್ಡನ್ನು ಮುಚ್ಚಲು ಬರೆದುಕೊಟ್ಟರೆ ಏಳು ಕೆಲಸದ ದಿನಗಳಲ್ಲಿ ಮುಚ್ಚಬೇಕು, ಇಲ್ಲದಿದ್ದರೆ ದಿನಕ್ಕೆ 500 ರೂಪಾಯಿಯಂತೆ ಬ್ಯಾಂಕೇ ದಂಡ ತೆರಬೇಕು ಎಂದು 2022ರ ನಿಯಮಗಳು ವಿಧಿಸಿದವು. ಕೇಳದೆ ಕಾರ್ಡು ಕಳುಹಿಸುವುದನ್ನೂ ಅವು ನಿಷೇಧಿಸಿದವು. ಬ್ಯಾಂಕು ಸ್ಪಂದಿಸದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಶುಲ್ಕವಿಲ್ಲದೆ ದೂರು ಕೊಡಬಹುದು. ಈ ದೂರನ್ನು ಬರೆದುಕೊಡುವ ಕೆಲಸವನ್ನು ನಮ್ಮ ಪದವೀಧರ ಯುವಕರು ಪ್ರತಿ ಮಹಲ್ಲಾದಲ್ಲಿ ವಹಿಸಿಕೊಂಡರೆ ಅದು ದೊಡ್ಡ ಸೇವೆ.

ಕೊನೆಯದಾಗಿ ಜಮಾತ್ ಕಮಿಟಿಗಳಿಗೆ ನಮ್ಮ ಮನವಿ. ಕನ್ನಡದಲ್ಲಿ "ಕೈಗಡ" ಎಂಬ ಪದವಿದೆ. ಪತ್ರವಿಲ್ಲದೆ, ಬಡ್ಡಿಯಿಲ್ಲದೆ, ಕೈಯಿಂದ ಕೈಗೆ ಕೊಡುವ ಸಾಲ. ನಾವು ಕರ್ಝೆ ಹಸನ ಎಂದು ಕರೆಯುವುದಕ್ಕೆ ಇದಕ್ಕಿಂತ ಹತ್ತಿರದ ಪದವಿಲ್ಲ. ಅದಕ್ಕೆ ಪತ್ರವನ್ನೂ ಸಾಕ್ಷಿಯನ್ನೂ ಸೇರಿಸಿದರೆ ಕುರ್‌ಆನಿನ ಆದೇಶವೇ ಪೂರ್ಣವಾದಂತೆ. ಸಾಹುಕಾರನ ಹಿಡಿತದಿಂದ ರೈತನನ್ನು ಬಿಡಿಸಲು 1905ರಲ್ಲಿ ಗದಗ ಸಮೀಪದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರಿ ಸಂಘ ಕಟ್ಟಿದರು. ಅದು ನಮ್ಮ ನೆರೆಯ ನೆಲ. ಒಂದು ಹಳ್ಳಿಗೆ ಸಾಧ್ಯವಾದದ್ದು ಇಂದು ಒಂದು ಮಹಲ್ಲಾಕ್ಕೆ ಏಕೆ ಸಾಧ್ಯವಾಗಬಾರದು? ಪ್ರತಿ ಮನೆಯಿಂದ ತಿಂಗಳಿಗೆ ನೂರು ರೂಪಾಯಿ ಕೂಡಿದರೆ, ಇನ್ನೂರು ಮನೆಗಳ ಮಹಲ್ಲಾದಲ್ಲಿ ವರ್ಷಕ್ಕೆ 2 ಲಕ್ಷ 40 ಸಾವಿರ ಸೇರುತ್ತದೆ. ನಮ್ಮ ಶಿಕ್ಷಕನಂಥ ನಾಲ್ವರ ಅಗತ್ಯಕ್ಕೆ ಅದು ಸಾಕು. ಹಣ ಮರಳಿದಂತೆ ಮತ್ತೆ ನಾಲ್ವರಿಗೆ.

ಆದರೆ ಒಂದು ಎಚ್ಚರಿಕೆ. ಹಲಾಲ್ ಎಂಬ ಹೆಸರಿನಲ್ಲಿ ನಮ್ಮವರೇ ನಮ್ಮವರನ್ನು ದೋಚಿದ್ದನ್ನು ಈ ರಾಜ್ಯ ಮರೆತಿಲ್ಲ. ಬೆಂಗಳೂರಿನ ಐ ಮಾನಿಟರಿ ಅಡ್ವೈಸರಿ 2019ರ ಜೂನ್‌ನಲ್ಲಿ ಕುಸಿದಾಗ ವಿಧವೆಯರ, ನಿವೃತ್ತರ ಉಳಿತಾಯ ಅದರೊಂದಿಗೆ ಮುಳುಗಿತು. ಕೈಗಡದ ನಿಧಿ ಯಾರಿಗೂ ಲಾಭದ ಭರವಸೆ ಕೊಡಬಾರದು. ಲಾಭದ ಆಸೆ ತೋರಿಸಿದ ಕ್ಷಣವೇ ಅದು ಕೈಗಡವಾಗಿ ಉಳಿಯುವುದಿಲ್ಲ. ನಿಧಿಯನ್ನು ಕಾನೂನಿನಂತೆ ನೋಂದಾಯಿಸಬೇಕು. ಪ್ರತಿ ತಿಂಗಳ ಜಮಾ ಖರ್ಚನ್ನು ಮಸೀದಿಯ ಫಲಕದ ಮೇಲೆ ಬರೆಯಬೇಕು, ಸಾಲ ಪಡೆದವರ ಹೆಸರನ್ನು ಮಾತ್ರ ಗುಟ್ಟಾಗಿಡಬೇಕು. ನೆರೆಯ ಹಿಂದೂ, ಲಿಂಗಾಯತ, ಜೈನ ಬಾಂಧವರು ಕೇಳಿದರೂ ಕೊಡುವಷ್ಟು ಆ ನಿಧಿಯ ಬಾಗಿಲು ತೆರೆದಿರಲಿ. ಬಡ್ಡಿ ಮಗ್ಗದ ಮುಂದೆ ಕುಳಿತವನ ಜಾತಿ ಕೇಳುವುದಿಲ್ಲ.

ಅಂದು ಆ ಶಿಕ್ಷಕನಿಗೆ ನಾವು ಮೂರೂ ಕಾರ್ಡು ಬೇಡವೆಂದು ಹೇಳಿದೆವು. ಎರಡನೆಯ ದಿನದ ದಾವತ್ತು ಬೇಡವೆಂದೂ ಹೇಳಿದೆವು. ಆತ ಒಪ್ಪಿದ. ಪಟ್ಟಿಯಲ್ಲಿ 25 ಸಾವಿರ ಉಳಿಯಿತು. "ಇದಕ್ಕರೆ ಏನ ಮಾಡಲಿ ಹಜ್ರತ್?" ಎಂದ. ನಾವು ಕಮಿಟಿಯ ಹಿರಿಯರೊಬ್ಬರನ್ನು ಕೇಳಿದೆವು. ಮಿನಾರದ ಬಣ್ಣಕ್ಕೆ ಹಣವಿದೆ, ಕೈಗಡಕ್ಕೆ ಬಾಬತ್ತು ಇಲ್ಲವೆಂದರು. ಫತ್ವಾ ನಮ್ಮ ನಾಲಿಗೆಯ ಮೇಲಿತ್ತು, ಹಣ ನಮ್ಮ ಜೇಬಿನಲ್ಲಿರಲಿಲ್ಲ. ಕಮಿಟಿಯ ಸಭೆ ಬರುವ ಭಾನುವಾರವಿದೆ. ಆತನ ಮೊಬೈಲಿನಲ್ಲಿ ಆ ಮೂರು ಚಿತ್ರಗಳು ಇನ್ನೂ ಇವೆ, ಒಂದು ಬೆರಳಿನ ಒತ್ತಿಗಾಗಿ ಕಾಯುತ್ತಿವೆ. ಯಾವುದು ಮೊದಲು ತಲುಪುತ್ತದೆ ಎಂಬುದನ್ನು ನಿರ್ಧರಿಸಬೇಕಾದವರು ಆ ಶಿಕ್ಷಕನಲ್ಲ, ನಾವು.